ಹದಿನಾರು ಕಂಪ್ಯೂಟರ್ ಆರಿಸಿದವರ ಬಗ್ಗೆ ರಜನಿಯ ಎರಡನೇ ಹೇಳಿಕೆ

ನನ್ನ ಹೆಸರು ರಜನಿ ಎನ್., ಗಂಡನ ಹೆಸರು ನರೇಶ್, ವಯಸ್ಸು 43 ವರ್ಷ, ಕೆಲಸ ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ಸಹ ಪ್ರಾಧ್ಯಾಪಕಿ, ವಾಸ ಕೋಲಾರ ನಗರ. ಈ ಮೂಲಕ ತಿಳಿಸುವುದೇನೆಂದರೆ, ಈ ದಿನ, ಅಕ್ಟೋಬರ್ 3ರ ಬೆಳಿಗ್ಗೆ 9:15ಕ್ಕೆ ಇದೇ ಠಾಣೆಯಲ್ಲಿ ನಾನೇ ಕೊಟ್ಟ ದೂರಿನಲ್ಲಿ ಹೆಸರಿಸಿದ ರಹೀಲ್, 22 ವರ್ಷ, ಅಂತಿಮ ವರ್ಷದ ವಿದ್ಯಾರ್ಥಿ, ಮುಳಬಾಗಿಲು, ಯಾವ ತಪ್ಪನ್ನೂ ಮಾಡಿಲ್ಲ. ಆತ 10:40ರಿಂದ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾನೆ. ಬರೆದುಕೊಳ್ಳುತ್ತಿರುವ ಸಿಬ್ಬಂದಿ ಪವಿತ್ರ ಅವರು ಸಾರಾಂಶ ಸಾಕು ಮೇಡಂ ಎಂದರು. ಬೆಳಿಗ್ಗೆ ಸಾರಾಂಶ ಕೊಟ್ಟೇ ಹೀಗಾಗಿದೆ, ಈ ಸಲ ಆಡಿದ ಮಾತುಗಳನ್ನು ಆಡಿದಂತೆಯೇ ಬರೆದುಕೊಳ್ಳಿ ಎಂದು ಕೋರಿದ್ದೇನೆ.

ನಮ್ಮ ವಿಭಾಗದಿಂದ ಅಕ್ಟೋಬರ್ 3 ಮತ್ತು 4ರಂದು ಪ್ಯಾರಲಲ್ ಮತ್ತು ಡಿಸ್ಟ್ರಿಬ್ಯೂಟೆಡ್ ಕಂಪ್ಯೂಟಿಂಗ್ ಕುರಿತು ಎರಡು ದಿನದ ಕಾರ್ಯಾಗಾರ ಏರ್ಪಡಿಸಿದ್ದೆವು. ಸಂಚಾಲಕಿ ನಾನು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಾಲೇಜುಗಳಿಂದ 62 ಜನ ಹೆಸರು ಕೊಟ್ಟಿದ್ದರು. ಒಂದು ದೊಡ್ಡ ಲೆಕ್ಕವನ್ನು ಹಲವು ಕಂಪ್ಯೂಟರುಗಳಿಗೆ ಹಂಚಿ ಒಟ್ಟಿಗೆ ಮಾಡಿಸುವುದೇ ಇದರ ವಿಷಯ. ಮದುವೆ ಮನೆಯಲ್ಲಿ ಹದಿನಾರು ಜನ ಕೂತು ತರಕಾರಿ ಹೆಚ್ಚುವ ಹಾಗೆ ಎಂದು ಪವಿತ್ರ ಅವರಿಗೆ ಹೇಳಿದೆ. ಅವರು ತಲೆಯಾಡಿಸಿದರು.

ಬಾಯಲ್ಲಿ ಹೇಳಿದರೆ ಸಾಲದು, ಮಾಡಿ ತೋರಿಸಬೇಕೆಂದು ಲ್ಯಾಬಿನ 16 ಹಳೆಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿದೆವು. ಜೋಡಿಸಿದವನು ರಹೀಲ್. ಪ್ರೋಗ್ರಾಮ್ ಬರೆದವನೂ ಅವನೇ. ನಾಲ್ಕು ತಾಲ್ಲೂಕಿನ 1,248 ಕೆರೆಗಳಲ್ಲಿ ಎಷ್ಟು ಮಳೆಗೆ ಯಾವ ಕೆರೆ ತುಂಬುತ್ತದೆ, ಕೋಡಿ ಬಿದ್ದ ನೀರು ಮುಂದಿನ ಯಾವ ಕೆರೆಗೆ ಇಳಿಯುತ್ತದೆ ಎಂಬ ಲೆಕ್ಕ. ಒಂದೊಂದು ಕಂಪ್ಯೂಟರಿಗೆ 78 ಕೆರೆ. ಒಂದು ನಿಂತರೂ ಉಳಿದ ಹದಿನೈದರ ಕೆಲಸ ಕೆಡುತ್ತದೆ. ಸೆಪ್ಟೆಂಬರ್ 27ರ ಬೆಳಿಗ್ಗೆ 11:10ಕ್ಕೆ ಶುರು ಮಾಡಿದೆವು. 138 ಗಂಟೆ ಬೇಕಿತ್ತು, ಈ ದಿನ ಬೆಳಗಿನ 5:10ಕ್ಕೆ ಮುಗಿಯಬೇಕಿತ್ತು. ಆಗಾಗ ಅರ್ಧ ಲೆಕ್ಕವನ್ನು ಬರೆದಿಟ್ಟುಕೊಳ್ಳೋಣ, ಕರೆಂಟ್ ಹೋದರೆ ಕಷ್ಟ ಎಂದು ರಹೀಲ್ ಎರಡು ಸಲ ಹೇಳಿದ್ದ. ಅದರಿಂದ ನಿಧಾನವಾಗುತ್ತದೆ, ಯುಪಿಎಸ್ ಇದೆಯಲ್ಲ, ಬೇಡ ಎಂದವಳು ನಾನು. ಬೆಳಗಿನ ದೂರಿನಲ್ಲಿ ಇದನ್ನು ಹೇಳಿರಲಿಲ್ಲ.

ಸೆಪ್ಟೆಂಬರ್ 30ರಂದು, ಹಬ್ಬಕ್ಕೆ ರಜೆ ಬಿಡುವ ಮುನ್ನ, ವಿಭಾಗದಲ್ಲಿ ಆಯುಧಪೂಜೆ ಇಟ್ಟುಕೊಂಡಿದ್ದೆವು. ಲ್ಯಾಬ್ ಅಟೆಂಡರ್ ಅಶ್ವತ್ಥಪ್ಪ, 59 ವರ್ಷ, ಹುತ್ತೂರು ವಾಸಿ, ಕುಂಕುಮದ ಬಟ್ಟಲು ಹಿಡಿದು ಬಂದರು. ಬಾಗಿಲ ಬಳಿಯ ಪ್ರಿಂಟರಿಗೆ ಮಾತ್ರ ಹಚ್ಚಿ, ಈ ಹದಿನಾರನ್ನು ಮುಟ್ಟಬೇಡಿ, ಇವು ಕೆಲಸದಲ್ಲಿವೆ ಎಂದೆ. ಹಬ್ಬದ ದಿನವೂ ನಡೆಯುತ್ತವೆಯೇ ಎಂದು ಕೇಳಿದರು. ನಡೆಯುತ್ತವೆ ಎಂದೆ. ಅವರು "ಆಯುಧಪೂಜೆ ದಿನ ಎತ್ತಿನ ಹೆಗಲ ಮೇಲೂ ನೊಗ ಇಡಲ್ಲ ಮೇಡಂ, ಪಾಪ ಕಣಮ್ಮ ಇವು" ಎಂದರು. ಇವಕ್ಕೆ ಹಬ್ಬವೂ ಇಲ್ಲ, ಹುಣ್ಣಿಮೆಯೂ ಇಲ್ಲ, ಸುಮ್ಮನೆ ಹೋಗಿ ಎಂದು ಗದರಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಇದು ಕಾಲೇಜಿಗೆಲ್ಲ ಗೊತ್ತಿದೆ.

ಅದೇ ದಿನ ಮಧ್ಯಾಹ್ನ 3:30ಕ್ಕೆ ಕಾರ್ಯಾಗಾರದ ಆಹ್ವಾನ ಪತ್ರಿಕೆಗಳು ಬಂದವು. ಕೆರೆಗಳ ಲೆಕ್ಕದ ಪ್ರಾತ್ಯಕ್ಷಿಕೆಯ ಎದುರು ನನ್ನ ಹೆಸರೊಂದೇ ಇತ್ತು. ಅಚ್ಚಿಗೆ ಕೊಟ್ಟವಳು ನಾನೇ. ರಹೀಲ್ ಅದನ್ನು ಓದಿ, ನಾಲ್ಕು ಜನರ ಎದುರಿಗೆ, "ನನ್ನ ಹೆಸ್ರು ಬೇಡಾಂದ್ರೆ ನನ್ನ ಪ್ರೋಗ್ರಾಮೂ ಬೇಡ, ನಿಲ್ಲಿಸ್ಬಿಡ್ಲಾ ಮೇಡಂ?" ಎಂದು ಕೇಳಿದ. ಬಾಯಿ ಮುಚ್ಚಿಕೊಂಡು ಹೋಗು ಎಂದೆ. ಹೋದ. ಬೆಳಿಗ್ಗೆ ದೂರಿನಲ್ಲಿ ಆತನ ಮಾತನ್ನು ಅಕ್ಷರಕ್ಕೆ ಅಕ್ಷರ ಬರೆಸಿದ್ದೇನೆ. ಯಾಕೆ ಆಡಿದ ಎಂಬುದನ್ನು ಬರೆಸಿಲ್ಲ.

ಅಕ್ಟೋಬರ್ 1 ಆಯುಧಪೂಜೆ, 2 ವಿಜಯದಶಮಿ, ಎರಡೂ ದಿನ ಕಾಲೇಜಿಗೆ ರಜೆ. ಲ್ಯಾಬಿನ ಬೀಗದ ಕೈ ಎರಡೇ, ಒಂದು ಅಶ್ವತ್ಥಪ್ಪ ಅವರ ಹತ್ತಿರ, ಇನ್ನೊಂದು ರಹೀಲ್ ಹತ್ತಿರ. ಎರಡನೆಯದನ್ನು ಕೊಟ್ಟವಳು ನಾನು.

ಈ ದಿನ ಬೆಳಿಗ್ಗೆ 8:20ಕ್ಕೆ ಕಾಲೇಜು ತಲುಪಿದೆ. ಕಾಯುತ್ತಿದ್ದ ರಹೀಲ್ ಬೀಗ ತೆಗೆದ. ಹದಿನಾರೂ ಕಂಪ್ಯೂಟರು ಚಾಲೂ ಇದ್ದವು, ಆದರೆ ಒಂದರಲ್ಲೂ ಲೆಕ್ಕ ಇರಲಿಲ್ಲ. ಮೊದಲನೆಯ ಕಂಪ್ಯೂಟರಿನ ದಾಖಲೆ ನೋಡಿದೆ. ಅಕ್ಟೋಬರ್ 1ರ ಬೆಳಿಗ್ಗೆ 11:06ಕ್ಕೆ ಅದನ್ನು ಕ್ರಮವಾಗಿ, ಶಟ್‌ಡೌನ್ ಮಾಡಿಯೇ ಆರಿಸಲಾಗಿತ್ತು, 2ರ ಬೆಳಿಗ್ಗೆ 6:40ಕ್ಕೆ ಮತ್ತೆ ಹಾಕಲಾಗಿತ್ತು. ಕರೆಂಟ್ ಹೋಗಿದ್ದಲ್ಲ. ತೊಂಬತ್ತಾರು ಗಂಟೆಗೆ ನಾಲ್ಕು ನಿಮಿಷ ಕಡಿಮೆ ನಡೆದಿದ್ದ ಲೆಕ್ಕ ಪೂರ್ತಿ ಹೋಗಿತ್ತು.

ಕೀ ನಿನ್ನ ಹತ್ತಿರ ಇತ್ತೋ ಇಲ್ಲವೋ ಎಂದು ರಹೀಲ್‌ನನ್ನು ಕೇಳಿದೆ. ಇತ್ತು ಎಂದ. ಹಾಗಾದರೆ ಇದೇನು ಎಂದೆ. ಆತ ಸಾಲಾಗಿದ್ದ ಕಂಪ್ಯೂಟರುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿ, ತಲೆ ತಗ್ಗಿಸಿ ಸುಮ್ಮನೆ ನಿಂತ. ಮೂರು ಸಲ ಕೇಳಿದೆ, ಮೂರು ಸಲವೂ ಮಾತಿಲ್ಲ. ಕಳ್ಳನ ಮೌನ ಎಂದುಕೊಂಡೆ. ಅಶ್ವತ್ಥಪ್ಪ ಈ ದಿನ ರಜೆ ಹಾಕಿದ್ದರು. ಒಮ್ಮೆ ಫೋನ್ ಮಾಡಿದೆ, ಎತ್ತಲಿಲ್ಲ, ಬಿಟ್ಟೆ. ಮೌಸ್ ಹಿಡಿಯಲು ಬಾರದವರು ಕ್ರಮವಾಗಿ ಆರಿಸುವುದುಂಟೇ ಎಂದು ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸ್ಕೂಟರಿನಲ್ಲಿ 4.8 ಕಿ.ಮೀ. ದೂರದ ಈ ಠಾಣೆಗೆ ಬಂದು, ರಹೀಲ್ ಬೇಕೆಂದೇ ಹಾಳು ಮಾಡಿದ್ದಾನೆ ಎಂದು ಬರೆಸಿ ಸಹಿ ಮಾಡಿದೆ.

ಕಾಲೇಜಿಗೆ ಮರಳಿ, 10:00ಕ್ಕೆ ದೀಪ ಬೆಳಗಿಸಿ ಕಾರ್ಯಾಗಾರ ಆರಂಭಿಸಿದೆವು. 10:20ಕ್ಕೆ ತಮ್ಮ ಸಿಬ್ಬಂದಿ ಇಬ್ಬರು ಬಂದು ವಿಚಾರಣೆಗೆಂದು ರಹೀಲ್‌ನನ್ನು ಕರೆದುಕೊಂಡು ಹೋದರು. ಆತ ಹೊರಡುವಾಗ ಕೊರಳಿನ ಸ್ವಯಂಸೇವಕರ ಬಿಲ್ಲೆಯನ್ನು ತೆಗೆದು ಮೇಜಿನ ಮೇಲೆ ಇಟ್ಟ. 11:30ಕ್ಕೆ ಕೆರೆಗಳ ಲೆಕ್ಕ ತೋರಿಸಬೇಕಿದ್ದ ಪರದೆ ಖಾಲಿ ಇತ್ತು. ತಾಂತ್ರಿಕ ಕಾರಣ ಎಂದು ಹೇಳಿ ಬೇರೆ ಪಾಠ ಮಾಡಿದೆ.

12:15ಕ್ಕೆ ರಹೀಲ್ ತಾಯಿ ತಾಜುನ್ನೀಸಾ ಮುಳಬಾಗಿಲಿನಿಂದ ಬಸ್ಸಿನಲ್ಲಿ ಕಾಲೇಜಿಗೆ ಬಂದರು. ಹೊಲಿಗೆ ಕೆಲಸದವರು, ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. "ನಮ್ ಹುಡುಗ ಏನ್ ಮುರ್ದಾಕವ್ನೆ ಮೇಡಂ? ತೋರ್ಸಿ, ನಾನೊಂದ್ ಸಲ ನೋಡ್ತೀನಿ" ಎಂದರು. ಲ್ಯಾಬಿಗೆ ಕರೆದುಕೊಂಡು ಹೋದೆ. ತೋರಿಸಲು ಅಲ್ಲಿ ಏನೂ ಇರಲಿಲ್ಲ. ಒಂದೊಂದು ಕಂಪ್ಯೂಟರೂ ಒರೆಸಿ ಥಳಥಳ ಅನ್ನುತ್ತಿತ್ತು. ಅವರು ಎಲ್ಲವನ್ನೂ ನೋಡಿ, "ಎಲ್ಲಾ ಚೆನ್ನಾಗೈತಲ್ಲಾ ಮೇಡಂ. ಸೋಮವಾರ ಇಂಟ್ರ್ಯೂ ಐತೆ ಅವುಂಗೆ" ಎಂದರು. ಅದು ನನಗೆ ಗೊತ್ತಿತ್ತು. ಅಕ್ಟೋಬರ್ 6ರಂದು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ರಹೀಲ್‌ಗೆ ಸಂದರ್ಶನವಿದೆ. ಪೊಲೀಸ್ ಪ್ರಕರಣ ಇದೆಯೇ ಎಂಬ ಪ್ರಶ್ನೆ ಅದರ ಅರ್ಜಿಯಲ್ಲಿದೆ. ಶಿಫಾರಸು ಪತ್ರ ಬರೆದಿರುವುದು ನಾನು.

ಆ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ 12:40ಕ್ಕೆ ಹದಿನಾರರ ದಾಖಲೆಯನ್ನೂ ತೆಗೆದೆ. ಬೆಳಿಗ್ಗೆಯೇ ಮಾಡಬೇಕಿದ್ದ ಕೆಲಸ. ಮೊದಲನೆಯದು ಆರಿದ್ದು 11:06, ಎರಡನೆಯದು 11:09, ಮೂರನೆಯದು 11:12, ಹೀಗೆ ಸಾಲಾಗಿ ಕೊನೆಯದು 11:51. ಒಂದೊಂದಕ್ಕೆ ಮೂರು ಮೂರು ನಿಮಿಷ. ಸಿಟ್ಟಿನಲ್ಲಿ ಕೆಡಿಸುವವನಾದರೆ ಮೈನ್ ಸ್ವಿಚ್ ಎಳೆದು ಹೋಗುತ್ತಾನೆ. ಮೂರು ನಿಮಿಷ ಏನು ಮಾಡುತ್ತಿದ್ದ ಎಂದು ತಲೆ ಎತ್ತಿ ನೋಡಿದೆ. ಹದಿನಾರರ ಹಣೆಯ ಮೇಲೂ ಕುಂಕುಮವಿತ್ತು. ಒಂದೊಂದರ ಪಕ್ಕದಲ್ಲೂ ಹೆಚ್ಚಿದ ನಿಂಬೆಹಣ್ಣಿತ್ತು. ಬೆಳಿಗ್ಗೆ 8:20ಕ್ಕೂ ಅದೆಲ್ಲ ಅಲ್ಲೇ ಇತ್ತು. ಹಬ್ಬದ ಮಾರನೇ ದಿನ ಕುಂಕುಮ ಕಂಡರೆ ಅದರಲ್ಲೇನು ವಿಶೇಷ ಎಂದು ಕಣ್ಣು ದಾಟಿಸಿದ್ದೆ. ಈ ಹದಿನಾರಕ್ಕೆ ಹಚ್ಚಬೇಡಿ ಎಂದು ಗದರಿದ್ದು ನಾನೇ ಎಂಬುದು ನೆನಪಾಗಲಿಲ್ಲ. ನನ್ನ ಬುದ್ಧಿಗೆ ಏನು ಹೇಳಲಿ.

1:05ಕ್ಕೆ ಹೊರಟು 14.6 ಕಿ.ಮೀ. ಹೋಗಿ 1:35ಕ್ಕೆ ಹುತ್ತೂರು ಸೇರಿದೆ. ಅಶ್ವತ್ಥಪ್ಪ ರೇಷ್ಮೆ ಹುಳುವಿನ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದರು. ಹುಳು ನಾಲ್ಕನೇ ಜ್ವರ ಎದ್ದಿವೆ, ಪೊರೆ ಬಿಟ್ಟ ಮೇಲೆ ಹೊತ್ತು ಹೊತ್ತಿಗೆ ಸೊಪ್ಪು ಬೇಕು, ಬಿಟ್ಟು ಬರುವ ಹಾಗಿರಲಿಲ್ಲ, ಫೋನು ಒಳಗಿತ್ತು ಎಂದು ಅವರ ಹೆಂಡತಿ ಶಾಮಲಮ್ಮ ಹೇಳಿದರು. ಕಂಪ್ಯೂಟರ್ ಆರಿಸಿದಿರಾ ಎಂದು ಕೇಳಿದೆ. ಅವರು ಖುಷಿಯಿಂದಲೇ, "ಹೂಂ ಮೇಡಂ, ಒಂದೊಂದಕ್ಕೂ ಬೇರೆ ಬೇರೆ ಮಂಗಳಾರತಿ. ಹದಿನಾರು ಕುಂಬಳಕಾಯಿ ಎಲ್ಲಿ ತರ್ಲಿ, ನಿಂಬೆಹಣ್ಣಲ್ಲೇ ನಿಭಾಯ್ಸಿದೆ" ಎಂದರು.

ಮೈನ್ ಎಳೆಯಬೇಡಿ, ಬಟನ್ ಒಂದು ಸಲ ಒತ್ತಿ ಬಿಡಿ, ಅದೇ ಆರಿಕೊಳ್ಳುತ್ತದೆ ಎಂದು ಆರು ವರ್ಷದ ಹಿಂದೆ ನಾನೇ ಕಲಿಸಿದ್ದೆನಂತೆ, ಹಾಗೆಯೇ ಮಾಡಿದರಂತೆ. ವಿಜಯದಶಮಿ ಬೆಳಿಗ್ಗೆ ಸ್ನಾನ ಮಾಡಿ ಬಂದು ಮತ್ತೆ ಹಾಕಿದರಂತೆ. ಲೆಕ್ಕ ಹೋಯಿತಲ್ಲಪ್ಪ ಎಂದೆ. ಅದು ಹೇಗೆ ಹೋಗುತ್ತದೆ ಎಂದು ಅವರು ನನ್ನನ್ನೇ ಕೇಳಿದರು. ಕಾಲೇಜಿಗೆ ಸೇರುವ ಮುಂಚೆ ಹದಿನೆಂಟು ವರ್ಷ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿದ್ದವರು ಅವರು. "ಹಬ್ಬಕ್ಕೆ ರಾಟೆ ನಿಲ್ಲಿಸ್ತಿದ್ವಿ, ಮಾರನೇ ದಿನ ಎಳೆ ಹುಡುಕಿ ಗಂಟು ಹಾಕಿದ್ರೆ ನಿಂತ ಕಡೆಯಿಂದ್ಲೇ ಓಡ್ತಿತ್ತು. ಇದಕ್ಕೆ ಎಳೆ ಸಿಗಲ್ವಾ ಮೇಡಂ?" ಎಂದರು. ಸಿಗುವ ಹಾಗೆ ಮಾಡೋಣವೆಂದು ರಹೀಲ್ ಎರಡು ಸಲ ಹೇಳಿದ್ದು ಆಗ ನೆನಪಾಯಿತು.

ರಹೀಲ್ ಠಾಣೆಯಲ್ಲಿದ್ದಾನೆ ಎಂದು ತಿಳಿಸಿದೆ. ಅಶ್ವತ್ಥಪ್ಪ ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಗೆ ಹಾಕಿ, ಹೆಂಡತಿಗೆ ತೆಲುಗಿನಲ್ಲಿ "ಚೊಕ್ಕಾ ಇಯ್ಯಿ" ಎಂದು ಅಂಗಿ ಕೇಳಿ, ಗುಂಡಿಯನ್ನೂ ಹಾಕಿಕೊಳ್ಳದೆ ನನ್ನ ಸ್ಕೂಟರ್ ಹತ್ತಿದರು. ದಾರಿಯುದ್ದಕ್ಕೂ "ನಾನಲ್ವಾ ಆರ್ಸಿದ್ದು, ಅವನ್ಯಾಕಮ್ಮ ಒಳಗೆ" ಎಂದು ಹಿಂದಿನಿಂದ ಹೇಳುತ್ತಲೇ ಇದ್ದರು.

2:25ಕ್ಕೆ ಠಾಣೆಗೆ ಬಂದೆವು. ತಾಜುನ್ನೀಸಾ ನಮಗಿಂತ ಮುಂಚೆ ಬಂದು ಮಗನ ಪಕ್ಕದಲ್ಲಿ ಕುಳಿತಿದ್ದರು. ಅಶ್ವತ್ಥಪ್ಪ ಅವರನ್ನು ಕಂಡದ್ದೇ ರಹೀಲ್ ಎದ್ದು ನಿಂತು, "ತಾತಾ, ನೀವ್ಯಾಕೆ ಬಂದ್ರಿ?" ಎಂದ. ನನಗೆ ಆಗ ಅರ್ಥವಾಯಿತು. ನಿನಗೆ ಮೊದಲೇ ಗೊತ್ತಿತ್ತೇನೋ ಎಂದು ಕೇಳಿದೆ. ಆತ, "ಬಾಗಿಲು ತೆಗೆದ ತಕ್ಷಣ ಗೊತ್ತಾಯ್ತು ಮೇಡಂ. ಹದಿನಾರಕ್ಕೂ ಕುಂಕುಮ ಇತ್ತಲ್ಲಾ. ನಿಮ್ಗೆ ಹೇಳಿದ್ರೆ ತಾತನ ಕೆಲ್ಸ ಹೋಗ್ತಿತ್ತು, ರಿಟೈರ್ ಆಗಕ್ಕೆ ನಾಕೇ ತಿಂಗ್ಳು ಐತೆ" ಎಂದ. ಪೊಲೀಸರಿಗಾದರೂ ಹೇಳಬಾರದಿತ್ತೇ ಎಂದೆ. "ನೀವು ಬಂದು ಸರಿಯಾಗಿ ನೋಡ್ತೀರಾ ಅಂತ ಕಾಯ್ತಿದ್ದೆ" ಎಂದ.

ದಿನಾ ಹಣೆಗೆ ಕುಂಕುಮ ಇಟ್ಟುಕೊಳ್ಳುವವಳು ನಾನು. ಅದು ಕಂಡದ್ದು ಅವನಿಗೆ. ನಾಚಿಕೆಯಾಗಿದೆ, ಹಾಗೆಯೇ ಬರೆದುಕೊಳ್ಳಿ ಎಂದು ಪವಿತ್ರ ಅವರಿಗೆ ಹೇಳಿದ್ದೇನೆ.

ಆದ್ದರಿಂದ ನನ್ನ ದೂರನ್ನು ಹಿಂಪಡೆಯುತ್ತೇನೆ. ರಹೀಲ್ ಹೆಸರನ್ನು ಯಾವ ಪ್ರಕರಣದಲ್ಲೂ ಸೇರಿಸಬಾರದು, ಅಶ್ವತ್ಥಪ್ಪ ಅವರ ಮೇಲೆ ಯಾವ ಕ್ರಮವೂ ಬೇಡ. ತಪ್ಪು ಯಾರದೆಂದು ಕಾಲೇಜು ಕೇಳಿದರೆ ಈ ಹೇಳಿಕೆಯ ಪ್ರತಿಯನ್ನೇ ಕೊಡುತ್ತೇನೆ. ಶ್ರೀನಿವಾಸಪುರ ತಾಲ್ಲೂಕಿನ ನೂರು ಕೆರೆಗಳನ್ನಷ್ಟೇ ತೆಗೆದುಕೊಂಡರೆ ನಾಳೆ ಬೆಳಿಗ್ಗೆಗೆ ಲೆಕ್ಕ ಮುಗಿಯುತ್ತದೆ, ಈ ಸಲ ಅರ್ಧರ್ಧ ಗಂಟೆಗೆ ಬರೆದಿಡುತ್ತೇನೆ, ಬಿಟ್ಟರೆ ಈಗಲೇ ಹೋಗಿ ಶುರು ಮಾಡುತ್ತೇನೆ ಎಂದು ರಹೀಲ್ ಹೇಳುತ್ತಿದ್ದಾನೆ. ದಯವಿಟ್ಟು ಬಿಡಬೇಕಾಗಿ ಕೋರುತ್ತೇನೆ. ನಾಳೆ ಆತ ವೇದಿಕೆಯ ಮೇಲೆ ನಿಂತು ತೋರಿಸುತ್ತಾನೆ, ನಾನು ಕೆಳಗೆ ಕೂರುತ್ತೇನೆ.

ಬೆಳಗಿನ ದೂರಿನ ಕೊನೆಯಲ್ಲೂ ಮೇಲೆ ಹೇಳಿದ್ದೆಲ್ಲ ನಿಜ ಎಂದೇ ಬರೆಸಿ, ಓದಿಸಿ ಕೇಳಿ, ಸಹಿ ಮಾಡಿದ್ದೆ. ಅದು ನಿಜವಾಗಿರಲಿಲ್ಲ. ಈ ಹೇಳಿಕೆಯನ್ನು ರಹೀಲ್, ಆತನ ತಾಯಿ ಮತ್ತು ಅಶ್ವತ್ಥಪ್ಪ ಅವರ ಎದುರಿಗೆ ಗಟ್ಟಿಯಾಗಿ ಓದಿಸಿದ್ದೇನೆ. ಮೂವರೂ ಸರಿಯಿದೆ ಎಂದ ಮೇಲೆ ಸಹಿ ಮಾಡುತ್ತಿದ್ದೇನೆ.

ಸ್ಥಳ: ಕೋಲಾರ
ದಿನಾಂಕ: 03-10-2025, ಮಧ್ಯಾಹ್ನ 3:40

ಸಹಿ: ರಜನಿ ಎನ್.