ಮೂರು ಗಂಟೆಯ ಪಾಳಿ

ಶ್ರಾವಣದ ಸಪ್ತಾಹದ ಐದನೆಯ ದಿನ. ಅವರ್ಸಾದ ಭಜನಾ ಮಂದಿರದ ಜಗಲಿಯಲ್ಲಿ ನಾವು ಏಳೆಂಟು ಮಂದಿ ನಮ್ಮ ಪಾಳಿಗೆ ಕಾಯುತ್ತ ಕುಳಿತಿದ್ದೆವು. ಹೊತ್ತು ಇನ್ನೂ ಮುಳುಗಿರಲಿಲ್ಲ. ಆದರೂ ಮಳೆ ಎಷ್ಟು ದಟ್ಟವಾಗಿತ್ತೆಂದರೆ ಹೆದ್ದಾರಿಯ ಲಾರಿಗಳು ಆಗಲೇ ದೀಪ ಹಾಕಿಕೊಂಡು ಹೋಗುತ್ತಿದ್ದವು. ಒಳಗೆ ಕೇಣಿ ಊರಿನವರ ತಂಡ ಹಾಡುತ್ತಿತ್ತು. ಸಪ್ತಾಹವೆಂದರೆ ಏಳು ಹಗಲು ಏಳು ರಾತ್ರಿ ದೇವರ ಮುಂದಿನ ದೀಪ ಆರಬಾರದು, ಹಾಡು ನಿಲ್ಲಬಾರದು. ಒಂದು ತಂಡ ದಣಿದು ಏಳುವ ಮೊದಲೇ ಇನ್ನೊಂದು ತಂಡ ಪಕ್ಕದಲ್ಲಿ ಕುಳಿತು ಅದೇ ಸಾಲಿಗೆ ದನಿಗೂಡಿಸಿ ಎತ್ತಿಕೊಳ್ಳಬೇಕು. ಹಾರ್ಮೋನಿಯಂ ಕೂಡ ಸ್ವರ ಕಡಿಯದಂತೆ ಕೈಯಿಂದ ಕೈಗೆ ದಾಟಬೇಕು. ಹಿಡಿಯುವವರು ಬರುವ ತನಕ ಹಿಡಿದವರು ಏಳುವಂತಿಲ್ಲ.

ಕಂಬಕ್ಕೆ ಒರಗಿ ಪುಂಡಲೀಕಜ್ಜ ಕುಳಿತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಕಾರವಾರದಿಂದ ಅಂಕೋಲೆಯವರೆಗೆ ಎಲ್ಲ ಮಂದಿರಗಳ ಹಾರ್ಮೋನಿಯಂ ರಿಪೇರಿ ಮಾಡಿದ ಕೈ ಅವರದು. ಎಷ್ಟೋ ವರ್ಷಗಳಿಂದ ಅವರು ಸಪ್ತಾಹಕ್ಕೆ ಬಂದರೂ ಹಾರ್ಮೋನಿಯಂ ಪೆಟ್ಟಿಗೆ ಮುಟ್ಟುತ್ತಿರಲಿಲ್ಲ. ಕೇಳಿದರೆ, ಕೈ ಸೋತಿದೆ ಎನ್ನುತ್ತಿದ್ದರು.

ನಮ್ಮ ಜೊತೆ ವಿನುತಾ ಇದ್ದಳು, ಕಾರವಾರದ ಶಾಲೆಯೊಂದರ ಸಂಗೀತ ಟೀಚರು. ಹೋದ ವಾರ ಅವಳ ಶಾಲೆಗೆ ಬಿಣಗಾದ ಮನೆಯೊಂದರಿಂದ ಹಳೆಯ ಪಿಯಾನೋ ದಾನವಾಗಿ ಬಂದಿತ್ತು.

"ಪುಂಡಲೀಕಜ್ಜಾ, ಆ ಪಿಯಾನೋದಲ್ಲಿ ದೆವ್ವ ಅದೆಯಂತಲ್ಲ? ಪುಣ್ಯಕ್ಕೆ ನನ್ನ ರಿಕ್ಷಾದಲ್ಲಿ ತರ್ಲಿಲ್ಲಪ್ಪ" ಎಂದ ರಿಕ್ಷಾದ ಉದಯ.

"ನಿನ್ನ ರಿಕ್ಷಾಕ್ಕೆ ದೆವ್ವ ಸೈತ ಹತ್ತೂದಿಲ್ಲ ಮಾರಾಯ. ನೀ ಕೇಳೂ ಬಾಡಿಗೆ ಅದಕ್ಕೂ ಗೊತ್ತದೆ" ಎಂದರು ಅಜ್ಜ. ನಾವೆಲ್ಲ ನಕ್ಕೆವು. ವಿನುತಾ ನಗಲಿಲ್ಲ.

"ಅಜ್ಜಾ, ಅದರೊಳಗೆ ಕೈಯಲ್ಲಿ ಬರೆದ ಸ್ವರದ ಪುಸ್ತಕ ಸಿಕ್ಕಿತು. ರಷ್ಯಾದ ಅಕ್ಷರ. ಮರೆತುಹೋದ ಇಂಥ ಸಂಗೀತ ಹುಡುಕೂ ಮಂದಿ ಇದಾರೆ, ಅವರಿಗೆ ಎರಡು ಹಾಳೆ ಫೋಟೋ ಕಳಿಸಿದೆ. ಆ ದೇಶದ ಒಬ್ಬ ಮುದುಕಿ ಬರೆದ್ಲು, ಇದು ಸುಟ್ಟೇ ಹೋಯ್ತು ಅಂದ್ಕಂಡಿದ್ದೆವು, ನಿಮ್ಮೂರಿಗೆ ಹ್ಯಾಂಗೆ ಬಂತು ಅಂತ. ನಾ ಎಂತ ಹೇಳ್ಲಿ? ಆ ಪಿಯಾನೋ ರಿಪೇರಿ ಮಾಡಿದವ್ರು ನೀವೇ ಅಂತೆ."

ಅಜ್ಜ ತಮ್ಮ ಬೆರಳುಗಳನ್ನು ನೋಡಿಕೊಂಡರು. ಆಮೇಲೆ ಶುರುಮಾಡಿದರು.

"ಹೇಳ್ತೆ ತಂಗಿ... ನಿಂಗೆ ಹೇಳದಿದ್ರೆ ಮತ್ತ್ಯಾರಿಗೆ ಹೇಳ್ಲಿ? ರಷ್ಯಾದಿಂದ ನೌಕಾನೆಲೆಗೆ ದೊಡ್ಡ ಹಡಗು ಬಂತಲ್ಲ, ಅದರ ಸಂಗಡ ಅಲ್ಲಿನ ರಿಪೇರಿ ಮಂದಿಯೂ ಬಂದ್ರು. ಅದರಲ್ಲಿ ಗ್ರಿಗೋರಿ ಹೇಳಿ ಒಬ್ಬ, ಅರವತ್ತು ದಾಟಿದಾಂವ, ಬಿಣಗಾದಲ್ಲಿ ಮಹಾಬಲೇಶ್ವರನ ಮನೆ ಬಾಡಿಗೆಗೆ ಹಿಡಿದ. ನಮ್ಮ ಬಾಯಲ್ಲಿ ಅಂವ ಗಿರಿಯಣ್ಣ ಆದ. ಮಹಾಬಲೇಶ್ವರ ಮುಂಬಯಿಯಲ್ಲಿದ್ದಾಗ ಯಾವುದೋ ಮುಚ್ಚಿದ ಹೋಟೆಲಿನ ಪಿಯಾನೋ ತಂದಿಟ್ಟಿದ್ದ. ಪಿಯಾನೋ ಮೇಲೆ ಟಿವಿ, ಟಿವಿ ಮೇಲೆ ಗಣಪತಿ. ಗಿರಿಯಣ್ಣ ಮನೆ ನೋಡೂಕೆ ಬಂದಾಂವ ನೀರು ಬರ್ತದಾ ಕೇಳ್ಲಿಲ್ಲ, ಕರೆಂಟ್ ಅದೆಯಾ ಕೇಳ್ಲಿಲ್ಲ. ಗಣಪತಿಗೆ ಕೈಮುಗಿದು ಟಿವಿ ಇಳಿಸಿದ, ಮುಚ್ಚಳ ತೆಗೆದ, ಒಂದು ಬಿಳಿ ಪಟ್ಟಿ ಒತ್ತಿದ... ಕಪ್ಪೆ ಕೂಗಿದಾಂಗೆ ಕೇಳ್ತಂತೆ.

"ಪಿಯಾನೋ ರಿಪೇರಿಯವ ನಮ್ಮ ಕಡೆ ಎಲ್ಲಿಂದ ಬರ್ಬೇಕು? ನನ್ನ ಕರೆದ್ರು. ಹಾರ್ಮೋನಿಯಂಗೆ ಗಾಳಿ, ಇದಕ್ಕೆ ತಂತಿ. ಆದ್ರೂ ಕಿವಿ ಒಂದೇ ಅಲ್ವಾ? ತಿಂಗಳು ಕೂತು ತಂತಿ ಬಿಗಿದೆ. ಮಳೆಗಾಲದ ತೇವಕ್ಕೆ ತಂತಿಗೆ ಬಡಿಯೂ ಸುತ್ತಿಗೆಗಳ ಉಣ್ಣೆ ಉಬ್ಬಬಾರದು ಹೇಳಿ ಹೊಟ್ಟೆಯೊಳಗೆ ಒಂದು ನಲವತ್ತರ ಬಲ್ಬು ಇಳಿಬಿಟ್ಟೆ. ಹಗಲೂ ರಾತ್ರಿ ಅದು ಉರೀತಾ ಇರ್ಬೇಕು. ಗರ್ಭಗುಡಿ ಕಂಡಾಂಗೆ ಕಾಣ್ತಿತ್ತು.

"ಅಂವ ಕೆಲಸ ಮುಗಿಸಿ ಬಂದು ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಕೂತ್ಕಂಬಾಂವ. ಆ ಪುಸ್ತಕದ್ದನ್ನೇ ನುಡಿಸೂದು, ದಿನಾ ಒಂದು ಸಲ, ಮೊದಲಿಂದ ಕಡೆವರೆಗೆ. ಮುರುಕು ಹಿಂದಿಯಲ್ಲಿ ನಂಗೆ ಹೇಳಿದ. ಇದನ್ನ ಕಟ್ಟಿದವನ ಹೆಸರು ಅವನ ದೇಶದಲ್ಲೇ ಹೆಚ್ಚಿನವರಿಗೆ ತಿಳೀದು. ಆಗಿನ ಸರಕಾರ ಅವನ್ನ ಹಿಮದ ಸೀಮೆಗೆ ಒಯ್ದು ಮರ ಕಡಿಸ್ತಂತೆ. ಅಲ್ಲಿ ಪಿಯಾನೋ ಎಲ್ಲಿಂದ ಬರ್ಬೇಕು, ಕಾಗದ ಎಲ್ಲಿಂದ ಬರ್ಬೇಕು? ಒಂದು ಹಲಗೆಯ ಮೇಲೆ ಇದ್ದಿಲಲ್ಲಿ ಪಟ್ಟಿ ಗೀರ್ಕಂಡು, ಮರೆಯಬಾರದು ಹೇಳಿ ದಿನಾ ಬೆರಳಾಡಿಸಿದ. ಸಾಯೂಕಿಂತ ಮುಂಚೆ ಒಬ್ಬ ಹೆಂಗಸಿಗೆ ಒಪ್ಪಿಸಿದ, ಅವಳು ಈ ಪುಸ್ತಕದಲ್ಲಿ ಬರ್ಕಂಡ್ಲು. ಅವಳು ಗಿರಿಯಣ್ಣನ ಅವ್ವಿಗೆ, ಅವ್ವಿ ಇವನಿಗೆ. ಅಚ್ಚಾಗ್ಲಿಲ್ಲ, ಯಾವ ಸಭೆಯಲ್ಲೂ ನುಡೀಲಿಲ್ಲ. ಹಿಡಿದವರು ದಿನಾ ಒಮ್ಮೆ ನುಡಿಸ್ಬೇಕು, ಇನ್ನೊಬ್ಬರಿಗೆ ಕೊಟ್ಟೇ ಏಳ್ಬೇಕು... ನಾ ಅಂದೆ, ಗಿರಿಯಣ್ಣಾ, ಇದು ನಮ್ಮ ಸಪ್ತಾಹವೇ ಆಯ್ತಲ್ಲೋ! ಅಂವ ನಕ್ಕ. 'ನಂಗೆ ಮಕ್ಕಳಿಲ್ಲ ಪುಂಡಲೀಕ್, ಸಾಕಾಗಿದೆ' ಅಂದ.

"ಮರುವರ್ಷದ ಆಷಾಢ. ಹೀಂಗೇ ಮಳೆ. ಅಂವ ನುಡಿಸ್ತಿದ್ದ, ನಾ ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡ್ಕಂಡು ಕೂತಿದ್ದೆ. ನಡುವೆ, ಸ್ವರ ಏರ್ತಾ ಏರ್ತಾ ಇರೂ ಜಾಗದಲ್ಲಿ... ಕೈ ನಿಂತಿತು. ನೀವೇ ಹೇಳಿ, ಐವತ್ತು ವರ್ಷ ಸಪ್ತಾಹದಲ್ಲಿ ಕೂತವನ ಕೈ ಎಂತ ಮಾಡ್ತದೆ? ಪಕ್ಕದವ ತೂಕಡಿಸಿದ್ರೆ ನಾವು ಮುಖ ನೋಡೂದಿಲ್ಲ, ಮೊದಲು ಪಟ್ಟಿ ಹಿಡೀತೇವೆ! ಹಾಂಗೇ ಹಿಡಿದೆ. ಅವನ ಬೆರಳು ಇದ್ದಲ್ಲೇ ನನ್ನ ಬೆರಳು ಹೋಯ್ತು. ಕಿವಿಯಲ್ಲಿದ್ದ ಮುಂದಿನ ನಾಲ್ಕು ಸ್ವರ ನುಡಿಸಿಯೂ ಬಿಟ್ಟೆ. ಆಮೇಲೆ ಮುಖ ನೋಡಿದೆ... ಅಂವ ಹೋಗಿಯಾಗಿತ್ತು.

"ಹೆಣ ಅವನ ದೇಶಕ್ಕೆ ಹೋಯ್ತು. ಮಹಾಬಲೇಶ್ವರ ಹೆದರಿ ಆ ಮನೆಗೆ ಬೀಗ ಜಡಿದು ಬಿಟ್ಟ. ನಾ ಸ್ನಾನ ಮಾಡಿ ದೇವರಿಗೆ ತೆಂಗಿನಕಾಯಿ ಒಡೆಸಿ ಸುಮ್ಮನಾದೆ. ಹದಿನಾಲ್ಕನೇ ದಿನ, ಮಧ್ಯಾಹ್ನ ಮೂರು. ಅಂಗಡಿಯಲ್ಲಿ ಬಿಚ್ಚಿಟ್ಟ ಹಾರ್ಮೋನಿಯಂ, ತಿದಿ ತೆಗೆದು ಬದಿಗಿಟ್ಟಿದ್ದೆ, ಉಸಿರೇ ಇಲ್ಲ ಅದಕ್ಕೆ... ಪಟ್ಟಿ ಒಂದೊಂದೇ ಕೆಳಗೆ ಹೋಯ್ತು. ದನಿ ಇಲ್ಲ, ಬರೀ ಟಕ್, ಟಕ್ ಹೇಳಿ. ನಂಗೆ ಗೊತ್ತಾಯ್ತು ಯಾವುದು ಹೇಳಿ. ಅದೇ ಜಾಗಕ್ಕೆ ಬಂತು, ನಿಂತಿತು. ಕಾಯ್ತಾ ಅದೆ! ಎಂತ ಮಾಡ್ಲಿ? ನಾಲ್ಕು ಸ್ವರ ಒತ್ತಿದೆ. ಮುಂದೆ ಬರೂದಿಲ್ಲ. ಪುಸ್ತಕ ಆ ಬೀಗದ ಮನೆಯಲ್ಲಿ, ಸಿಕ್ಕಿದ್ರೂ ನಂಗೆ ಅದು ಇರುವೆ ಸಾಲು. ಮರುದಿನ ಮೂರಕ್ಕೆ ಮತ್ತೆ ಅದೇ. ಮದುವೆ ಮನೆಯಲ್ಲಿರ್ಲಿ, ಆಸ್ಪತ್ರೆಯಲ್ಲಿರ್ಲಿ, ಎದುರಿಗೆ ಪೆಟ್ಟಿಗೆ ಇಲ್ದಿದ್ರೆ ನನ್ನ ತೊಡೆಯ ಮೇಲೇ ಬೆರಳು ಏಳ್ತಿತ್ತು. ಹನ್ನೊಂದು ಮಳೆಗಾಲ, ತಂಗಿ... ನಡುವಿಗೆ ಬಂದು ನಿಲ್ಲೂದು, ನಡುವಿಗೆ ಬಂದು ನಿಲ್ಲೂದು. ಆ ಸುಸ್ತು ಎಂಥದು ಹೇಳಿ ಯಾರಿಗೆ ತಿಳೀತದೆ?

"ಒಂದು ದಿನ ತಡೀಲಾರದೆ ಬಿಣಗಾಕ್ಕೆ ಹೋದೆ. ಆ ಮನೆಯ ಕರೆಂಟ್ ಕಡಿದು ಎಷ್ಟೋ ವರ್ಷ ಆಗಿತ್ತು. ಕಿಟಕಿಯಲ್ಲಿ ಬಗ್ಗಿ ನೋಡಿದ್ರೆ ಪಿಯಾನೋದ ಹೊಟ್ಟೆಯಲ್ಲಿ ಬಲ್ಬು ಉರೀತಾ ಅದೆ. ಎದುರಿಗೆ ಗಿರಿಯಣ್ಣನ ಬೆನ್ನು. ಅವನ ಹಿಂದೆ ಬೆಂಚಿನ ಮೇಲೆ ಒಬ್ಬ ಹೆಂಗಸು, ಅವಳ ಹಿಂದೆ ಇನ್ನೊಬ್ಬಳು, ಎಲ್ಲರ ಹಿಂದೆ ಮೊಣಕಾಲ ಮೇಲೆ ಹಲಗೆ ಇಟ್ಕಂಡು ಒಬ್ಬ ಸಣಕಲು ಮನುಷ್ಯ. ಎಲ್ಲರೂ ಕಿಟಕಿ ಕಡೆ ತಿರುಗಿದ್ರು. ಅವರ ಕಣ್ಣಲ್ಲಿ ಸಿಟ್ಟಿಲ್ಲ ತಂಗಿ, ಕೆಟ್ಟದ್ದು ಮಾಡೂ ಮುಖವೇ ಅಲ್ಲ. ದಣಿವು. ಬೆಳಗಿನ ಜಾವದ ಪಾಳಿಯವರು ಮುಂದಿನ ತಂಡ ಬರದೇ ಬಾಗಿಲು ನೋಡ್ತಾರಲ್ಲ, ಹಾಂಗೆ... ನಾಲ್ವರೂ ನನ್ನನ್ನೇ ನೋಡ್ತಿದ್ರು."

ಒಳಗೆ ಕೇಣಿಯವರು ದನಿ ಏರಿಸಿದರು. ಅಜ್ಜ ಅತ್ತ ಕೈಮುಗಿದು ಮತ್ತೆ ನಮ್ಮತ್ತ ತಿರುಗಿದರು.

"ಈ ಜ್ಯೇಷ್ಠದಲ್ಲಿ ದೇವರಲ್ಲಿ ಪ್ರಸಾದ ಕೇಳಿಸಿದೆ. ಸ್ವರ ಓದೂಕೆ ಬರೂ ಮಂದಿಯ ಕೈಗೆ ಇದನ್ನ ದಾಟಿಸ್ಲಾ, ಅದು ಪಾಪವಾ ಹೇಳಿ. ಹೂವು ಬಲಕ್ಕೆ ಬಿತ್ತು, ದಾಟಿಸು ಹೇಳಿ ಅಪ್ಪಣೆ ಆಯ್ತು. ಪಿಯಾನೋ ವಿನುತಾಳ ಶಾಲೆಗೆ ಕೊಡು ಹೇಳಿ ಮಹಾಬಲೇಶ್ವರನಿಗೆ ಹೇಳಿದಾಂವ... ನಾನೇ."

ಉದಯನ ಬೀಡಿ ಅವನ ಕೈಯಲ್ಲೇ ಆರಿಹೋಗಿತ್ತು.

"ನಿನ್ನೆ ನುಡಿಸಿದೆ ಅಜ್ಜಾ. ಮಕ್ಕಳೆಲ್ಲ ಊಟ ಮುಗಿಸಿ ಆಟಕ್ಕೆ ಹೋಗಿದ್ರು" ಎಂದಳು ವಿನುತಾ ಮೆಲ್ಲಗೆ.

"ಗೊತ್ತು. ಎಲ್ಲಿಂದ ಹಿಡಿದೆ? ಮೊದಲಿಂದಲಾ?"

"ಇಲ್ಲ... ಪುಸ್ತಕ ನಡುವೆ ತೆರೆದೇ ಇತ್ತು. ಅಲ್ಲಿಂದಲೇ ಶುರುಮಾಡಿ ಕಡೆವರೆಗೆ ನುಡಿಸಿದೆ. ಕೂತಾಗ ಪಟ್ಟಿಗಳು ಬೆಚ್ಚಗಿದ್ವು. ಯಾರೋ ಮಕ್ಕಳು ಈಗಷ್ಟೇ ಎದ್ದು ಹೋಗಿರ್ಬೇಕು ಅಂದ್ಕಂಡೆ."

ಅಜ್ಜ ಕಣ್ಣು ಮುಚ್ಚಿದರು. "ಹನ್ನೊಂದು ವರ್ಷದಲ್ಲಿ ಮೊದಲ ಸಲ ನಿನ್ನೆ ಮೂರು ಗಂಟೆಗೆ ನನ್ನ ಬೆರಳು ಏಳ್ಲಿಲ್ಲ. ಊಟ ಮಾಡಿ ನಿದ್ದೆ ಹೋದೆ."

"ಕಡೆವರೆಗೆ ನುಡಿಸಿದ್ರೆ ಮುಗೀತಲ್ಲ ಅಜ್ಜಾ?" ಉದಯ ಕೇಳಿದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ನಮ್ಮದಕ್ಕೆ ಏಳನೇ ದಿನ ಮಂಗಳ ಹಾಡ್ತೇವೆ. ಅವರದಕ್ಕೆ ಯಾರು ಹಾಡೂದು? ಊರೂರಲ್ಲಿ ಅದನ್ನ ನುಡಿಸಿ, ಇನ್ನು ಮರೀತದೆ ಹೇಳೂ ಹೆದರಿಕೆ ಹೋದ ದಿನ ಮಂಗಳ."

ವಿನುತಾ ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡಳು. "ನನ್ನ ಹತ್ರ ಇಪ್ಪತ್ತು ಮಕ್ಕಳು ಕಲೀತಾರೆ. ಆ ಮುದುಕಿಗೂ ಇಡೀ ಪುಸ್ತಕ ಕಳಿಸ್ತೆ. ಎಲ್ಲರಿಗೂ ಕಲಿಸ್ತೆ ಅಜ್ಜಾ."

"ಕಲಿಸು. ಆದ್ರೆ ನಡುವೆ ಯಾರ ಕೈಯೂ ನಿಲ್ಲದಾಂಗೆ ನೋಡ್ಕ."

ಒಳಗಿಂದ ನಮ್ಮ ತಂಡಕ್ಕೆ ಕರೆ ಬಂತು. ಎಲ್ಲರಿಗಿಂತ ಮೊದಲು ಅಜ್ಜ ಎದ್ದರು. ಹೊಸ್ತಿಲು ಮುಟ್ಟಿ ನಮಸ್ಕರಿಸಿ, ಕೇಣಿಯವನ ಪಕ್ಕ ಕುಳಿತು ಹಾರ್ಮೋನಿಯಂ ಹಿಡಿಯುವ ಮುಂಚೆ, ಬಾಗಿಲಲ್ಲಿ ನಿಂತಿದ್ದ ವಿನುತಾಳ ಕಡೆ ತಿರುಗಿ ಹೇಳಿದರು:

"ನುಡಿಸುವಾಗ ಬೆನ್ನಿಗೆ ತಣ್ಣಗೆ ಅನ್ನಿಸಿದ್ರೆ ಹೆದರ್ಬೇಡ ತಂಗಿ, ಅದು ಅವರ ಊರಿನ ಚಳಿ. ಆ ಚಳಿಯ ನಡುವೆ ಒಂದು ದಿನ ನಮ್ಮ ಸಮುದ್ರದ ಉಪ್ಪು ಗಾಳಿ ಬಂದಾಂಗೆ ಆಯ್ತೋ... ನಾನೂ ಬಂದು ಬೆಂಚಿನ ಮೇಲೆ ಕೂತೆ ಹೇಳಿ ತಿಳ್ಕ."