ಹಳದಿ ಪೀಪಾಯಿ

...ಇಲ್ಲ ಇಲ್ಲ, ಮೊದಲು ಬಾಗಿಲು ಹಾಕು. ಆ ಅತ್ತರಿನವನು ಹೊರಗೇ ನಿಂತಿರ್ಲಿ. ಮನೆ ತೋರಿಸೋಕೆ ಬಂದವನು ಮನೆ ತೋರಿಸ್ಬೇಕು, ಗಂಡ ಹೆಂಡ್ತಿ ಮಾತಾಡುವಾಗ ಮಧ್ಯೆ ತಲೆ ತೂರಿಸ್ಬಾರ್ದು. ಐದು ಗಂಟೆಯೊಳಗೆ ಹೂಂ ಅನ್ಬೇಕಂತೆ, ಇಲ್ಲಾಂದ್ರೆ ಬೇರೆಯವರಿಗೆ ಕೊಟ್ಬಿಡ್ತಾನಂತೆ. ಕೊಡ್ಲಿ ನೋಡೋಣ! ಹಾಕಿದ್ಯಾ? ಚಿಲಕದ ಸದ್ದು ಬರ್ಲಿಲ್ಲ... ಹಾಂ, ಈಗ ಬಂತು.

ಯಾಕೆ ನಗ್ತೀಯ? ನಕ್ಕೆ ನೀನು. ಮೂಗಲ್ಲಿ ನಕ್ಕೆ. ಮೂವತ್ತೊಂದು ವರ್ಷದಿಂದ ಕೇಳ್ತಿದೀನಿ ಆ ನಗುನ, ನನಗೆ ಗೊತ್ತಾಗಲ್ವಾ? ಮತ್ತೆ ಶುರುವಾಯ್ತು ಇವರ ಅನುಮಾನ ಅಂತ ತಾನೇ? ಅಂದ್ಕೊ, ನನಗೇನು. ನಾನು ಹಾಯಿ ಹೊಲಿಯೋ ದರ್ಜಿ ಕಣೇ. ಹೊಲಿಗೆ ಎಲ್ಲಿ ಬಿಟ್ಟಿದೆ ಅಂತ ಹುಡುಕೋದೇ ನನ್ನ ಕಸುಬು. ಗಾಳಿ ಹುಡುಕೋದಕ್ಕೆ ಮುಂಚೆ ನಾನು ಹುಡುಕ್ಬೇಕು. ಇಲ್ಲಾಂದ್ರೆ ನಡುನೀರಲ್ಲಿ ಹಾಯಿ ಪರ್ ಅಂತ ಹರಿಯುತ್ತೆ.

ಅವನನ್ನ ಗಮನಿಸಿದ್ಯಾ? ಆ ಅತ್ತರನ್ನ? ಗೇಟಿಂದ ಇಲ್ಲಿವರೆಗೆ ನಾಲ್ಕು ಸಲ ಹೇಳ್ದ, "ಸರ್, ಹುಷಾರು, ಮೆಟ್ಟಿಲಿದೆ." ನಾಲ್ಕು ಸಲ! ನಿನಗೆ ಒಂದು ಸಲನಾದ್ರೂ ಹೇಳಿದ್ನಾ? ನನಗೆ ಮಾತ್ರ ಯಾಕೆ? ಅತಿ ವಿನಯ ಧೂರ್ತ ಲಕ್ಷಣ ಅಂತ ಸುಮ್ನೆ ಹೇಳಿಲ್ಲ ದೊಡ್ಡವರು. ಮೆಟ್ಟಿಲು ಮೆಟ್ಟಿಲು ಅಂತ ನನ್ನ ಗಮನ ಕಾಲಿನ ಕಡೆ ಎಳೆದು ಗೋಡೆ ಬಿರುಕು ಮುಚ್ಚಿಡ್ತಾನೆ. ಕಣ್ಣಿಗೆ ಮಣ್ಣೆರಚೋದು ಅಂದ್ರೆ ಇದೇ.

ಬಿರುಕಿಲ್ವಾ? ನೀನು ನೋಡಿದ್ಯಾ? ಸರಿ ಬಿಡು. ನೀನು ನೋಡಿದ್ರೆ ಆಯ್ತು.

ಆದ್ರೂ ನನ್ನ ಕೇಳಿದ್ರೆ ಇದೇ ಜಾಗ. ಮೂರು ಕೆರೆ ಸುತ್ತಿದ್ವಿ, ಇದೇ ಸೈ. ನಿನ್ನ ಮನಸ್ಸಲ್ಲಿ ಆ ಮೊದಲನೇ ಕೆರೆ ಕೂತಿದೆ, ಗೊತ್ತು ನನಗೆ. ಒಪ್ಪಿದೆ, ಅಲ್ಲಿನ ಗಾಳಿ ಚೆನ್ನ. ಬೆಳಗ್ಗೆಯಿಂದ ಸಂಜೆವರೆಗೂ ಒಂದೇ ಸಮ ಬೀಸುತ್ತೆ. ಜೊತೆಗೆ ನಿನ್ನ ಸ್ಕೂಲು ಹತ್ರ, ಇನ್ನೂ ಎರಡು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಬಹುದು. ಆದ್ರೆ ವಿಮಾನ ನಿಲ್ದಾಣ? ನಾಲ್ಕು ಗಂಟೆ ದಾರಿ! ಗಿರಾಕಿ ಕರೆದ್ರೆ ಬೆಳಗಿನ ವಿಮಾನಕ್ಕೆ ಹಿಂದಿನ ದಿನವೇ ಹೊರಡ್ಬೇಕು. ಇಲ್ಲಿ ಇಪ್ಪತ್ತೈದು ನಿಮಿಷ. ನಾನೇ ಗಡಿಯಾರ ಹಿಡ್ಕೊಂಡು... ಆಯ್ತಮ್ಮ, ನೀನು ಗಡಿಯಾರ ನೋಡಿ ಹೇಳ್ದೆ, ಎರಡೂ ಒಂದೇ.

ಏನು? ಯಾವ ಗಿರಾಕಿ? ಅದೇ... ಇದಾರಲ್ಲ, ಅವರು. ಹೊಸ ಹಾಯಿ ಕಂಬಕ್ಕೆ ಹಾಕಿ ಅಳತೆ ನೋಡ್ಬೇಕು ಅಂದ್ರೆ ದರ್ಜಿ ಹೋಗ್ಬೇಡ್ವಾ? ಹೋದ ವರ್ಷ ಒಂದೂ ಕೆಲಸ ಬರ್ಲಿಲ್ಲ ನಿಜ, ಈ ವರ್ಷ ಬರುತ್ತೆ. ಮತ್ತೆ ಹಾಯಿ ಬಟ್ಟೆ ತರೋಕೆ ದೊಡ್ಡ ಊರಿಗೆ ಹಾರ್ಬೇಕು. ತಿಂಗಳಿಗೊಂದು ಸಲ, ಎರಡನೇ ಮಂಗಳವಾರ, ಹೋಗ್ತಾ ಇಲ್ವಾ ನಾನು? ಬಟ್ಟೆ ನೋಡ್ತೀನಿ, ಮುಟ್ಟಿ ನೋಡ್ತೀನಿ, ಸರಿ ಬರಲ್ಲ, ಬರಿಗೈಲಿ ವಾಪಸ್ ಬರ್ತೀನಿ. ಬರಿಗೈಲಿ ಬಂದ್ರೆ ತಪ್ಪಾ? ಏಳು ತಿಂಗಳು... ಏಳು ತಿಂಗಳಿಂದ ಒಂದು ಮೊಳ ಬಟ್ಟೆನೂ ಬಂದಿಲ್ಲ ಅಂತ ಲೆಕ್ಕ ಇಟ್ಕೊಂಡಿದೀಯಾ? ಎಂಥಾ ಟೀಚರಪ್ಪ ನೀನು!

ಆ ಬೀಗದ ಕೈ ಗೊಂಚಲು ಕುಣಿಸೋದು ನಿಲ್ಸು ಸ್ವಲ್ಪ. ಅಲ್ಲ... ಬೇಡ, ಕುಣಿಸು. ಪರವಾಗಿಲ್ಲ. ಎಲ್ಲಿದೀಯ ಅಂತ... ಅಂದ್ರೆ, ಖಾಲಿ ಮನೆ ಬಿಕೋ ಅನ್ನಲ್ಲ.

ನನಗೆ ನಿನ್ನ ಮೇಲೂ ಅನುಮಾನ ಇದೆ, ಹೇಳ್ಬಿಡ್ತೀನಿ. ನಲ್ಲಿ ಎಡಕ್ಕೆ ತಿರುಗ್ಬೇಕೋ ಬಲಕ್ಕೋ ಅಂತ ಅರ್ಧ ದಿನ ಜಗಳ ಆಡೋಳು ನೀನು. ಆ ಮೊದಲನೇ ಕೆರೆಗೆ ಅಷ್ಟು ಮನಸ್ಸು ಕೊಟ್ಟೋಳು. ನಾನು "ವಿಮಾನ ನಿಲ್ದಾಣ ಹತ್ರ ಇರ್ಲಿ" ಅಂದ ತಕ್ಷಣ "ಹೂಂ, ಇರ್ಲಿ" ಅಂದೆ. ಒಂದು ಮಾತು ಎದುರಾಡ್ಲಿಲ್ಲ! ಯಾಕೆ? ನಿನ್ನ ಹೊಟ್ಟೆಯೊಳಗೆ ಏನೋ ಇದೆ.

ನಿನ್ನೆ ಆ ಅತ್ತರಿನವನ ಜೊತೆ ಗುಸುಗುಸು ಮಾಡ್ತಿದ್ದೆ. ನಾನು ಕಾರಲ್ಲಿ ಕೂತಿದ್ದೆ, ಗಾಜು ಇಳಿಸಿತ್ತು, ಎಲ್ಲಾ ಕೇಳಿಸ್ತು. "ದೋಣಿಕಟ್ಟೆವರೆಗೂ ಕಂಬಿ ಹಾಕಿಸಿಕೊಡ್ತೀರಾ?" ಅಂದೆ. ಕಂಬಿ! ಕೈ ಹಿಡ್ಕೊಳ್ಳೋ ಕಂಬಿ! ಯಾರಿಗೆ? ನಿಮ್ಮಮ್ಮ ಬರ್ತಾರಾ? ಅವರಿಗೆ ನೀರು ಕಂಡ್ರೇ ಆಗಲ್ಲ.

ಯಾರಿಗೆ ಅಂತ ಹೇಳ್ಬಿಡು. ಇಲ್ವಾ? ಸರಿ, ನಾನೇ ಹೇಳ್ತಾ ಹೋಗ್ತೀನಿ, ಕೇಳು. ಮನೆ ಮೆಟ್ಟಿಲ ಅಂಚಿಗೆಲ್ಲ ಕಿತ್ತಳೆ ಟೇಪು ಅಂಟಿಸಿದ್ದು ಯಾರು? ಗಾಳಿ ನೋಡೋಕೆ ಹಾಯಿಗೆ ನಾನು ಅಂಟಿಸಿದ್ದ ಉಲ್ಲನ್ ಎಳೆ ಕಿತ್ತು, ಹೆಬ್ಬೆರಳು ದಪ್ಪದ ಕೆಂಪು ದಾರ ಹಾಕಿದ್ದು ಯಾರು? ದೋಣಿನಾ ಅದು, ಮದುವೆ ಬಸ್ಸಾ! ಎದುರುಗಡೆ ಯಾರಾದ್ರೂ ಬಂದ್ರೆ ನಾನು ಬಾಯಿ ತೆರೆಯೋ ಮುಂಚೆ, "ಓಹೋ, ಬನ್ನಿ ಬನ್ನಿ ಡಾಕ್ಟ್ರೇ" ಅಂತ ಕೂಗ್ತೀಯ. ಹೋಟೆಲಲ್ಲಿ ತಿಂಡಿ ಪಟ್ಟಿ ಒಂದನೇ ಕ್ಲಾಸಿನ ಮಕ್ಕಳಿಗೆ ಓದ್ದಂಗೆ ಓದ್ತೀಯ. ಮೂರು ತಿಂಗಳಿಂದ ಕಾರು ನೀನೇ ಓಡಿಸ್ತೀಯ, "ನನಗೆ ಅಭ್ಯಾಸ ತಪ್ಪಬಾರದು" ಅಂತ. ನಾನೇನು ದಡ್ಡನಾ?

ಎಲ್ಲರೂ ಸೇರ್ಕೊಂಡಿದೀರ. ಸೂಜಿ ಮಾಡೋರೂ ಸೇರ್ಕೊಂಡಿದಾರೆ. ಮೊದಲಿನ ಸೂಜಿಗೆ ಎಷ್ಟು ದೊಡ್ಡ ಕಣ್ಣಿರ್ತಿತ್ತು! ಈಗ ದಾರ ತೂರಲ್ಲ. ಕಬ್ಬಿಣ ಉಳಿಸೋಕೆ ಎಂಥ ಹಲ್ಕಾ ಕೆಲಸ ಮಾಡ್ತಾರೆ ನೋಡು.

ಮತ್ತೆ ನಕ್ಕೆ. ಅಲ್ಲ... ಅದು ನಗು ಅಲ್ಲ. ಶೀತ ಆಗಿದೆಯಾ ನಿನಗೆ?

ಬಾ ಇಲ್ಲಿ, ಬಾ. ಮುನಿಸ್ಕೋಬೇಡ. ಈ ಕಿಟಕಿ ಹತ್ರ ಬಾ, ಇದನ್ನ ನೋಡಿದ್ಮೇಲೂ ಬೇಡ ಅಂದ್ರೆ ನಾನು ಬಾಯಿ ಮುಚ್ಕೋತೀನಿ. ನೋಡು ಹೆಂಗಿದೆ ಕೆರೆ! ಎಷ್ಟು ನೀಲಿ! ಬಿಸಿಲಿಗೆ ಫಳಫಳ ಅಂತಿದೆ. ಅಲ್ಲಿ ನೋಡು, ಬಿಳೀದು, ಮೂರು... ನಾಲ್ಕು ಹಾಯಿ. ಸಾಲಾಗಿ ನಿಂತಿವೆ. ಗಾಳಿ ಬಿದ್ದಿರ್ಬೇಕು, ಅಲ್ಲಾಡ್ತಿಲ್ಲ. ಬೆಳಗ್ಗೆ ಎದ್ದು ಇಲ್ಲೇ ಒಂದು ಕುರ್ಚಿ ಹಾಕ್ಕೊಂಡು ಕಾಫಿ ಕುಡಿಯೋದು, ನೀನು ಅಲ್ಲಿ, ನಾನು ಇಲ್ಲಿ. ಹತ್ತು ಗಂಟೆಗೆ ದೋಣಿ ಇಳಿಸೋದು. ಚುಕ್ಕಾಣಿ ನನ್ನ ಕೈಲಿ, ಮುಂದಿನ ಹಾಯಿ ನಿನ್ನ ಕೈಲಿ, ಎಂದಿನ ಹಾಗೆ. ಇದಕ್ಕಿಂತ ಇನ್ನೇನು ಬೇಕು? ಏನಂತೀಯ?

ಏನಂತೀಯ ಅಂತ ಕೇಳ್ದೆ.

ಬೀಗದ ಕೈ ಯಾಕೆ ನಿಲ್ಲಿಸ್ದೆ?

...ಏನದು? ಕಾರು. ಯಾರೋ ಕಾರು ಸ್ಟಾರ್ಟ್ ಮಾಡಿದ್ರು. ಇಲ್ಲೇ... ಈ ಕಿಟಕಿ ಕೆಳಗೇ.

ಕೆರೆ ಮೇಲೆ ಕಾರು ಎಲ್ಲಿಂದ ಬಂತು?

ತಾಳು. ಮಾತಾಡ್ಬೇಡ... ಟಕ್ ಟಕ್ ಟಕ್. ಹಗ್ಗ ಹಾಯಿಕಂಬಕ್ಕೆ ಬಡಿಯೋ ಸದ್ದು. ಗಾಳಿ ಇದೆ ಹಾಗಾದ್ರೆ, ಚೆನ್ನಾಗೇ ಇದೆ. ಬೆನ್ನ ಹಿಂದಿನಿಂದ ಬರ್ತಿದೆ. ಕೆರೆ ನನ್ನ ಬೆನ್ನ ಹಿಂದೆ ಇದೆ. ಹಾಗಾದ್ರೆ ಇಷ್ಟು ಹೊತ್ತು ನಾನು ನಿನಗೆ ತೋರಿಸಿದ್ದು... ಈ ನೀಲಿ ಏನು? ಶೆಡ್ಡಿನ ತಗಡಾ? ಆ ಬಿಳೀದೆಲ್ಲ ಕಾರುಗಳಾ?

ಹೇಳ್ಬಾರ್ದಾಗಿತ್ತಾ! ನನ್ನ ಹೀಗೆ ಪೆದ್ದನ ಥರ ನಿಲ್ಲಿಸಿ ಮಾತಾಡೋಕೆ ಬಿಟ್ಟು... ಬಿಸಿಲು ಕಣೇ, ಬಿಸಿಲು ಕಣ್ಣಿಗೆ ಹೊಡೀತಿತ್ತು. ಯಾರಿಗಾದ್ರೂ ಆಗುತ್ತೆ. ಬೆಳ್ಳಗಿರೋದೆಲ್ಲ ಹಾಲು ಅನ್ಕೊಂಡೆ, ಅಷ್ಟೇ.

ಯಾಕೆ ಸುಮ್ಮನಿದೀಯ? ಬೈಯಿ. ಬೈಯೋದಕ್ಕೆ ಬರುತ್ತಲ್ಲ ನಿನಗೆ.

ಓಹೋ. ಆ ಭಾನುವಾರದ್ದು ಮನಸ್ಸಲ್ಲಿ ಇಟ್ಕೊಂಡಿದೀಯ. ಅವತ್ತಿಂದ ನೀನು ದೋಣಿ ಹತ್ತಿಲ್ಲ. ಮೊಣಕೈ ನೋವು, ಮೊಣಕೈ ನೋವು ಅಂತ. ಅದು ನನ್ನ ತಪ್ಪಾ? ನಾನು ಪದ್ಧತಿ ಪ್ರಕಾರವೇ ಕೇಳ್ದೆ. ದೋಣಿ ತಿರುಗಿಸೋ ಮುಂಚೆ ಚುಕ್ಕಾಣಿಯವನು "ತಿರುಗಿಸಲಾ?" ಅನ್ಬೇಕು, ಮುಂದಿರೋರು "ಸಿದ್ಧ" ಅನ್ಬೇಕು. ಮೂವತ್ತೊಂದು ವರ್ಷದಿಂದ ಹಾಗೇ ಅಲ್ವಾ? ಊರಲ್ಲಿ ಮೌನ ಸಮ್ಮತಿ ಅಂತಾರೆ, ದೋಣಿಲಿ ಅದು ಉಲ್ಟಾ. ನೀನು ಸುಮ್ಮನಿದ್ರೆ ಎದುರಿಗೆ ಏನೋ ಇದೆ, ತಿರುಗಿಸ್ಬೇಡ ಅಂತ. ಅವತ್ತು ನೀನು ಸುಮ್ಮನಿದ್ದೆ. ಗೊತ್ತು. ನೀನು ಸುಮ್ಮನಿದ್ದಿದ್ದು ಗೊತ್ತಿದ್ದೂ ನಾನು ತಿರುಗಿಸ್ದೆ. ನನಗೆ ಏನೂ... ಎದುರಿಗೆ ಏನೂ ಇರ್ಲಿಲ್ಲ ಅನ್ನಿಸ್ತು.

ಪೀಪಾಯಿ ಇತ್ತು. ಹಳದಿ ಪೀಪಾಯಿ, ಪಂದ್ಯಕ್ಕೆ ಗುರುತು ಬಿಟ್ಟಿರ್ತಾರಲ್ಲ, ಅದು. ಅದನ್ನ ಅಲ್ಲಿಗೆ ಸರಿಸಿದ್ದು ಕ್ಲಬ್ಬಿನವರು! ನಾನು ಅವರಿಗೆ ಕಾಗದ ಬರೀತೀನಿ ಅಂದೆ, ನೀನು ಬೇಡ ಬೇಡ ಅಂತ ಕೈ ಹಿಡ್ಕೊಂಡೆ. ನೀನು ಹಾರಿ ಬಂದು ಚುಕ್ಕಾಣಿ ತಳ್ಳಿದೆ, ಮೊಣಕೈ ಬಡ್ಕೊಂಡೆ, ದೋಣಿ ಪಕ್ಕಕ್ಕೆ ಹೋಯ್ತು. ಅಷ್ಟೇ ಆಗಿದ್ದು. ಪೀಪಾಯಿ ಅಷ್ಟೇ.

ಅಷ್ಟೇ ಅಲ್ವಾ?

ಹೂಂ ಅನ್ನೇ. ಪೀಪಾಯಿ ಅನ್ನು.

ಅದು... ಕಿರುಚಿತು. ನಾನು ಕೇಳಿಸ್ಕೊಂಡೆ. ಹಕ್ಕಿ ಇರ್ಬೇಕು ಅಂದ್ಕೊಂಡೆ. ಎರಡು ವಾರದಿಂದ ಹಕ್ಕಿ ಹಕ್ಕಿ ಅಂದ್ಕೋತಾನೇ ಇದೀನಿ. ಆ ಹಕ್ಕಿ "ಅಮ್ಮಾ" ಅಂತು ಕಣೇ. ಹಳದಿ ಜಾಕೆಟ್ ಹಾಕ್ಕೊಂಡು ಯಾರೋ ನೀರಲ್ಲಿ ಇದ್ರು. ದೋಣಿ ಮಗುಚಿ ಬಿದ್ದವರು ಯಾರೋ. ಹೌದಾ? ನೀನು ಕಾಗದ ಬರೀಬೇಡ ಅಂದಿದ್ದು ಅದಕ್ಕಾ?

ಅವರಿಗೆ ಏನೂ ಆಗ್ಲಿಲ್ಲ ತಾನೇ? ನೀನು ತಳ್ಳಿದೆಯಲ್ಲ. ಏನೂ ಆಗಿರಲ್ಲ. ಆಗಿದ್ರೆ ನೀನು ಹೇಳ್ತಿದ್ದೆ.

ಇಲ್ಲಿದೀಯ ತಾನೇ? ಬೀಗದ ಕೈ ಅಲ್ಲಾಡಿಸು ಒಂದ್ಸಲ.

ಬಟ್ಟೆ ಅಂಗಡಿಗೆ ಅಲ್ಲ ನಾನು ಹೋಗ್ತಿದ್ದಿದ್ದು. ಅಲ್ಲಿ ಒಬ್ಬ ಡಾಕ್ಟ್ರು ಇದಾರೆ. ಪ್ರತಿ ತಿಂಗಳು ಸೂಜಿ ಚುಚ್ಚುತಾರೆ, ಇಲ್ಲಿ, ರೆಪ್ಪೆ ಎತ್ತಿ ಹಿಡಿದು ಸೀದಾ ಒಳಗೆ. ಇನ್ನು ಹೋಗೋದನ್ನ ನಿಲ್ಲಿಸೋಕೆ ನೋಡ್ತೀವಿ, ಹೋಗಿರೋದನ್ನ ವಾಪಸ್ ತರೋಕಾಗಲ್ಲ ಅಂದ್ರು. ಅದಕ್ಕೇ ಇಪ್ಪತ್ತೈದು ನಿಮಿಷ ಬೇಕಿತ್ತು. ನಿನಗೆ ಗೊತ್ತಿತ್ತು. ಟೇಪು ಅಂಟಿಸುವಾಗ್ಲೇ ಗೊತ್ತಿತ್ತು. ಅದಕ್ಕೇ ಸ್ಕೂಲು ಬಿಟ್ಟು "ಹೂಂ, ಇರ್ಲಿ" ಅಂದೆ. ಗೊತ್ತಿದ್ದೂ, ನಾನೇ ಹೇಳ್ಲಿ ಅಂತ...

ಅತ್ತರಿನವನು ಬಾಗಿಲು ತಟ್ತಿದಾನೆ. ಐದಾಯ್ತೇನೋ. ತಗೋತೀವಿ ಅನ್ನಲಾ? ನಾಳೆ ದೋಣಿ ಇಳಿಸಿದ್ರೆ ನೀನು ಹತ್ತುತೀಯಾ? ಸರಿ, ಪದ್ಧತಿ ಪ್ರಕಾರವೇ ಕೇಳ್ತೀನಿ. ತಿರುಗಿಸಲಾ?

...

ಸುಮ್ಮನಿದೀಯ. ಏನೋ ಇದೆ ಹಾಗಾದ್ರೆ ಎದುರಿಗೆ. ಈ ಸಲ ತಿರುಗಿಸಲ್ಲ, ನಿಂತಿದೀನಿ ನೋಡು, ಅಲ್ಲಾಡಲ್ಲ. ಏನಿದೆ ಅಂತ ಬಾಯಿಬಿಟ್ಟು ಹೇಳೇ. ನನಗೆ ಕಾಣ್ತಿಲ್ಲ.