ಗೊಂಬೆಯ ಎದೆಗೊಂದು ಬಾಡದ ಹೂ

...ಅಯ್ಯೋ, ಇಲ್ಲ ಅಂದ್ರೆ ಇಲ್ಲ ಅತ್ತೆ! ಎಷ್ಟು ಸಲ ಹೇಳ್ಲಿ? ಇಡೀ ಗುಡ್ಡ ಜಾಲಾಡಿದೆ. ಆ ಬಾಡದ ಹೂವು, ತಾನಾ ಲಾಯು, ಒಂದು ಕಡ್ಡೀನೂ ಸಿಗ್ಲಿಲ್ಲ. ನಗ್ತೀರಾ? ಯಾಕ್ ನಗ್ತೀರಿ? ಮೊಣಕಾಲು ನೋಡಿ, ಜಾರಿ ಬಿದ್ದು ತರಚಿದೆ. ಸ್ವಲ್ಪ ಆ ಕಡೆ ಸರೀರಿ, ಒಲೆ ಮುಂದೆ ಕೂರ್ತೀನಿ... ಹಾಂ. ಚಳೀಗೆ ಕೈ ಕೊರಡಾಗಿಬಿಟ್ಟಿದೆ.

ಗೊಂಬೆ ಚೆನ್ನಾಗಿ ಕಟ್ಟಿದೀರಿ ಬಿಡಿ. ಥೇಟ್ ನಿಮ್ಮ ಮಗನೇ! ಹೊಟ್ಟೆ ಮುಂದೆ, ಕಾಲು ಹಿಂದೆ. ಹ್ಞಾ, ಈಗ ನಗಿ... ಎಲೆ ಎಲ್ಲಾ ಆಯ್ತು, ಎದೆ ಒಂದು ಬಾಕಿ. ಗೊತ್ತು ಅತ್ತೆ, ನಂಗೂ ಗೊತ್ತು. ನಾಳೆ ಪೂಜೆ ಮಾಡೋ ದುಕುನ್ ಅಯ್ಯನವರು ಮಂತ್ರ ಹೇಳಿ ‘ಪೊನಾರೀ, ಬಾರಪ್ಪಾ’ ಅಂತ ಕರೆದಾಗ ಅವ್ರ ಆತ್ಮ ಬಂದು ಈ ಗೊಂಬೇಲೇ ಕೂರ್ಬೇಕು. ಎದೇಲಿ ಬಾಡದ ಹೂ ಇಲ್ದಿದ್ರೆ ಎಲ್ಲಿ ಕೂರ್ತಾರೆ? ಗೊಂಬೆ ಸುಟ್ಟಾಗ ಮೇಲಕ್ಕೆ ಹೇಗೆ ಹೋಗ್ತಾರೆ? ನಿಮಗೆ ಮಗ ಆದ್ರೆ ನಂಗೆ ಗಂಡ ಅಲ್ವಾ? ನಂಗೇನು ಸಂಕಟ ಇಲ್ವಾ?

ಎಲ್ಲಾ ಆ ನೇರಳೆ ಹೂವಿನ ಕಾಟ. ಎಲ್ಲಿಂದ ಬಂತೋ ಹಾಳಾದ್ದು! ಪೇಟೆಯವರ ಬೂಟಿಗೆ ಅಂಟ್ಕೊಂಡು ಬಂತು. ಜೀಪಿನ ಚಕ್ರದ ಕೆಸರಲ್ಲಿ ಬಂತು. ಕುದುರೆಗಳು ಕೆಳಗೆ ತಿಂದು ಮೇಲೆ ಲದ್ದಿ ಹಾಕ್ತವೆ, ಅಲ್ಲೇ ಮೊಳಕೆ! ಮೊದ್ಲು ಕೆಳಗೆ ಕೆರೆ ಹತ್ರ ಇತ್ತು, ಹೌದಲ್ವಾ? ಈಗ ಬಾಡದ ಹೂವಿದ್ದ ಬಂಡೆವರೆಗೂ ಎದೆಮಟ್ಟ ನಿಂತಿದೆ. ಬೇರೆ ಗಿಡಕ್ಕೆ ಉಸಿರಾಡೋಕೆ ಬಿಡಲ್ಲ. ಅದರ ಮಧ್ಯೆ ಹುಡುಗೀರು ತುಟಿ ಚೂಪು ಮಾಡ್ಕೊಂಡು ಫೋಟೋ, ಫೋಟೋ, ಫೋಟೋ...

ಯಾಕೆ ಹಾಗ್ ನೋಡ್ತೀರಿ? ನಂಗೇನ್ ಗೊತ್ತು ಅತ್ತೆ? ನಾನು ಬಾಡಿಗೆ ಕುದುರೆ ಲಗಾಮು ಹಿಡ್ಕೊಂಡು ಮುಂದೆ ನಡೆಯೋಳು. ಹಿಂದೆ ಏನು ಉದುರುತ್ತೋ ನೋಡ್ತಾ ಕೂರಕ್ಕಾಗುತ್ತಾ?

ಒಂದು ಮಾತು ಹೇಳ್ತೀನಿ, ಬೈಬಾರ್ದು. ಆ ನೇರಳೆ ಹೂವನ್ನೇ ಇಟ್ಬಿಟ್ರೆ? ಒಳಗಡೆ... ಮೇಲೆ ಎಲೆ ಮುಚ್ಚಿದ್ರೆ ಯಾರಿಗೆ ಕಾಣುತ್ತೆ? ಅಯ್ಯನವರೇನು ಬಿಚ್ಚಿ ನೋಡ್ತಾರಾ? ... ಬೇಡ. ಆಯ್ತು, ಬೇಡ. ಗೊಂಬೇನ ಹಾಗೆ ಕುಕ್ಕಬೇಡಿ. ಬೇಡ ಅಂದ್ನಲ್ಲ!

ಎಲ್ಲಿಗೆ ಎದ್ರಿ? ನಾನು ಹೊದ್ಕೊಂಡು ಹೋಗಿದ್ದ ಸಾರೊಂಗಾ? ಒದ್ದೆ ಆಗಿದೆ, ನಾನೇ ಒಣಗಿಸ್ಕೋತೀನಿ, ಬಿಡಿ. ಬಿಡಿ ಅಂದೆ. ಅತ್ತೆ, ಕೊಡವಬೇಡಿ! ಆ ಗಂಟು ಬಿಚ್ಚ...

ಅದು... ದಾರೀಲಿ ಅಂಟಿದ್ದು. ಗಿಡದ ಮಧ್ಯೆ ನುಗ್ಗಿದ್ರೆ ಬೀಜ ಅಂಟಲ್ವಾ? ಎಲ್ಲರಿಗೂ ಅಂಟುತ್ತೆ. ನಿಮಗೂ ಅಂಟುತ್ತೆ. ಬೇಕಾದ್ರೆ...

ಹೂಂ. ಅಂಟಿದ ಬೀಜ ತಾನೇ ಗಂಟು ಕಟ್ಕೊಳಲ್ಲ. ಗೊತ್ತು.

ಏನಾದ್ರೂ ಅನ್ನಿ ಅತ್ತೆ. ಆ ಗಂಟನ್ನೇ ನೋಡ್ತಾ ನಿಲ್ಲಬೇಡಿ.

ನಿಮ್ಮ ಮಗ ಹೋದ್ಮೇಲೆ ಈ ಒಲೆ ಉರಿದದ್ದು ಯಾವುದರಿಂದ? ಆಲೂಗಡ್ಡೆಯಿಂದಾ? ಮಣ್ಣಲ್ಲೇ ಕೊಳೆತು ಹೋಯ್ತಲ್ಲ! ಬಂದೋರೆಲ್ಲ ಕೆರೆ ಹತ್ರಾನೇ ಹೂ ನೋಡಿ, ನಡ್ಕೊಂಡೇ ವಾಪಸ್ ಹೋಗ್ತಿದ್ರು. ಹೂವು ಮೇಲಿದ್ರೆ ಕುದುರೆ ಹತ್ತಿ ಮೇಲಿನವರೆಗೂ ಬರ್ತಾರೆ, ಬಾಡಿಗೆ ಜಾಸ್ತಿ ಸಿಗುತ್ತೆ... ಅಷ್ಟೇ ಯೋಚನೆ ಮಾಡಿದ್ದು. ಒಂದು ಹಿಡಿ ನೇರಳೆ ಹೂವಿನ ಬೀಜ, ಬಂಡೆ ಪಕ್ಕ ಎರಚಿದೆ. ಹಾಕಿದ ಕಡೆ ಬಿದ್ದಿರುತ್ತೆ ಅಂದ್ಕೊಂಡೆ. ಅದು ನನಗಿಂತ ಮುಂದೆ ಹತ್ತಿಬಿಡ್ತು. ನೀವೂ ಅದೇ ದುಡ್ಡಿನ ಜೋಳದನ್ನ, ಆರೋನ್ ತಿಂದ್ರಿ, ತಿನ್ಲಿಲ್ವಾ? ... ಅಯ್ಯೋ, ತಪ್ಪಾಯ್ತು. ತಲೆ ತಗ್ಗಿಸಬೇಡಿ ಅತ್ತೆ, ನಿಮ್ಮನ್ನ ಅಂದಿದ್ದಲ್ಲ. ತಪ್ಪು ನಂದು. ಮಡಿಲಲ್ಲಿ ಕೆಂಡ ಕಟ್ಕೊಂಡೇ ಓಡಾಡ್ತಿದೀನಿ.

ಗಂಟನ್ನ ಯಾಕೆ ಮುಂದೆ ಹಿಡೀತೀರಿ? ಹೌದು... ಹೌದು, ಅದು ಇವತ್ತಿಂದೇ. ಇವತ್ತೂ ಹಾಕ್ದೆ! ಅವರ ಗೊಂಬೆಗೆ ಹೂವು ಹುಡುಕೋಕೆ ಅಂತ ಹೋದೋಳು... ಬಂಡೆ ಮೇಲ್ಗಡೆ ಒಂದು ಬೋಳು ಜಾಗ ಕಾಣ್ತು. ಕೈ ತಾನಾಗೇ ಗಂಟಿಗೆ ಹೋಯ್ತು ಅತ್ತೆ. ಎರಚಿ ಆದ್ಮೇಲೇ ನೆನಪಾಗಿದ್ದು, ಯಾಕ್ ಬಂದಿದ್ದೆ ಅಂತ. ಅಲ್ಲೇ ಕೂತು ಅತ್ಬಿಟ್ಟೆ. ಆರಿಸೋಕೆ ನೋಡ್ದೆ. ಧೂಳಿನಷ್ಟು ಸಣ್ಣ ಬೀಜ, ಮಣ್ಣಲ್ಲಿ ಎಲ್ಲಿ ಸಿಗುತ್ತೆ?

ಬೈರಿ. ಹೊಡೀರಿ ಬೇಕಾದ್ರೆ. ಅದೇನ್ ಮಾಡ್ತಿದೀರಿ? ಉದುರಿದ ಬೀಜಾನ ಬಳಿದು ಗುಡ್ಡೆ ಮಾಡ್ತಿದೀರಾ? ಒಲೆಗೆ ಹಾಕಿ ಅತ್ತೆ, ಒಲೆಗೆ... ಗೊಂಬೆಗಾ? ಎದೆಗಾ? ಬೇಡ ಅತ್ತೆ! ನಾಳೆ ಅವ್ರ ಜೊತೆ ಸುಟ್ಟುಹೋಗ್ಲಿ ಅಂತಾನಾ? ಇಲ್ಲ, ನಾನ್ ಬಿತ್ತಿದ್ದನ್ನ ಅವ್ರು ಹೊತ್ಕೊಂಡು ಹೋಗ್ಲಿ ಅಂತಾನಾ? ಒಂದು ಮಾತು... ಒಂದೇ ಒಂದು ಮಾತು ಹೇಳಿ.

ಗೊಂಬೇನ ನನ್ ಕೈಗೆ ಯಾಕೆ ಕೊಡ್ತೀರಿ? ದಾರಾನೂ...

ಗಂಟು ನಾನೇ ಹಾಕ್ಬೇಕಾ ಅತ್ತೆ?